ಆರು ವರ್ಷ ಲೆವೆಟಿರಾಸೆಟಮ್: ಫಿಟ್ಸ್ ನಿಂತಿತು, ಸಿಟ್ಟು ಬಂತು

ಫಿಟ್ಸ್ ತಡೆಯುವ ಲೆವೆಟಿರಾಸೆಟಮ್ ಮಾತ್ರೆ, ಬೆಳಿಗ್ಗೆ 7ಕ್ಕೆ ಒಂದು, ಸಂಜೆ 7ಕ್ಕೆ ಇನ್ನೊಂದು. ಹಾಸಿಗೆ ಪಕ್ಕದಲ್ಲಿ 14 ಖಾನೆಗಳ ಒಂದು ಡಬ್ಬಿ ಇದೆ. ಪ್ರತಿ ಭಾನುವಾರ ಸ್ಟ್ರಿಪ್‌ಗಳನ್ನು ಮುಂದಿಟ್ಟುಕೊಂಡು ಕೂತು ಅದನ್ನು ತುಂಬಿಸುತ್ತೇನೆ. ಆ ಹತ್ತು ನಿಮಿಷ ನನಗೆ ತುಂಬಾ ಇಷ್ಟ. ಒಂದು ವಾರದ ಭಯವನ್ನು ಮುಚ್ಚಳ ಹಾಕಿ ಇಟ್ಟ ಹಾಗೆ ಅನಿಸುತ್ತದೆ. ಖಾನೆ ಖಾಲಿ ಇದ್ದರೆ ನುಂಗಿದ್ದೇನೆ ಅಂತ ಅರ್ಥ. ‘ತಗೊಂಡೆನಾ, ಇಲ್ವಾ’ ಅನ್ನುವ ಗೊಂದಲವೇ ಇಲ್ಲ. 6ರಿಂದ 8 ತಾಸಿನೊಳಗೆ ರಕ್ತದಲ್ಲಿರುವ ಈ ಔಷಧಿ ಅರ್ಧಕ್ಕೆ ಇಳಿಯುತ್ತದೆ, ಹಾಗಾಗಿ ಹೊತ್ತು ತಪ್ಪಿಸುವಂತಿಲ್ಲ. ಮಾತ್ರೆ ಸ್ವಲ್ಪ ದೊಡ್ಡದು. ಮುರಿದರೆ ಸಿಕ್ಕಾಪಟ್ಟೆ ಕಹಿ.

ಇದಕ್ಕೂ ಮುಂಚೆ ಫೆನಿಟಾಯಿನ್ ತಗೊಳ್ಳುತ್ತಿದ್ದೆ. 1938ರಿಂದಲೂ ಫಿಟ್ಸ್‌ಗೆ ಬಳಕೆಯಲ್ಲಿರುವ ಹಳೇ ಔಷಧಿ ಅದು, ಎಷ್ಟೋ ಜನರನ್ನು ಕಾಪಾಡಿದೆ. ನನಗೆ ಮಾತ್ರ ವಸಡು ಊದಿಕೊಂಡಿತು, ಹಲ್ಲುಜ್ಜಿದರೆ ರಕ್ತ. ಡೋಸ್ ಸ್ವಲ್ಪವೇ ಏರಿಸಿದ್ದಕ್ಕೆ ರಕ್ತದಲ್ಲಿ ಅದರ ಮಟ್ಟ ಒಮ್ಮೆಲೇ ಜಿಗಿದು, ನಡೆಯುವಾಗ ತೂರಾಡಿದೆ. ಲೆವೆಟಿರಾಸೆಟಮ್‌ನಲ್ಲಿ ಆ ತಾಪತ್ರಯ ಇರಲಿಲ್ಲ. ಬೇರೆ ಮಾತ್ರೆಗಳ ಜೊತೆ ಜಾಸ್ತಿ ತಕರಾರಿಲ್ಲ, ಪದೇ ಪದೇ ರಕ್ತ ಪರೀಕ್ಷೆ ಇಲ್ಲ. ಅದು ಮೈಯಿಂದ ಹೊರಹೋಗುವುದು ಮುಖ್ಯವಾಗಿ ಮೂತ್ರಪಿಂಡದ ಮೂಲಕ, ಅದಕ್ಕೇ ಡಾಕ್ಟರ್ ಶುರುವಿನಲ್ಲಿ ಮೂತ್ರಪಿಂಡದ ಪರೀಕ್ಷೆ ಮಾಡಿಸಿದರು. ಮೊದಲ ಕೆಲವು ವಾರ ವಿಪರೀತ ನಿದ್ದೆ. ಆಮೇಲೆ ಸರಿಹೋಯಿತು. ಫಿಟ್ಸ್ ಪೂರ್ತಿ ನಿಂತಿತು.

ಆಗ ಸಿಟ್ಟು ಶುರುವಾಯಿತು.

ಮಗನ ಕೈಯಿಂದ ಪೆನ್ಸಿಲ್ ಡಬ್ಬಿ ಬಿದ್ದ ಸದ್ದಿಗೆ ಕಿರುಚಿಬಿಟ್ಟೆ. ಅವನು ಬಾಗಿ ಒಂದೊಂದೇ ಪೆನ್ಸಿಲ್ ಎತ್ತಿಕೊಂಡ, ನನ್ನ ಮುಖ ನೋಡಲಿಲ್ಲ. ಕೆಲಸ ಜಾಸ್ತಿ, ನಿದ್ದೆ ಕಮ್ಮಿ, ಅದಕ್ಕೇ ಹೀಗೆ ಅಂದುಕೊಂಡೆ. ಒಂದು ವರ್ಷ ಹೀಗೇ ನಡೆಯಿತು: ಕಿರುಚುವುದು, ಆಮೇಲೆ ಕ್ಷಮೆ ಕೇಳುವುದು. ಕೊನೆಗೆ ತಂಗಿ ಹೇಳಿದಳು, ‘ಅಕ್ಕಾ, ನೀನು ಮೊದಲು ಹೀಗಿರಲಿಲ್ಲ. ಈ ಮಾತ್ರೆ ಬಂದ ಮೇಲೆ ಹೀಗಾಗಿದ್ದೀಯ.’ ಮಾತ್ರೆ ಜೊತೆ ಬರುವ ಚೀಟಿ ತೆಗೆದು ಓದಿದೆವು. ಸಣ್ಣ ಅಕ್ಷರದಲ್ಲಿ ಎಲ್ಲಾ ಇತ್ತು: ಕಿರಿಕಿರಿ, ಸಿಟ್ಟು, ಮನಸ್ಸು ಕುಗ್ಗುವುದು. ಬರೆದುಕೊಟ್ಟ ದಿನ ಯಾರಾದರೂ ಒಂದು ಮಾತು ಹೇಳಿದ್ದರೆ ಆ ವರ್ಷ ಉಳಿಯುತ್ತಿತ್ತು. ಈ ನೋವು ನನಗೆ ಇನ್ನೂ ಇದೆ.

ಅವತ್ತೇ ಬಿಟ್ಟುಬಿಡೋಣ ಅನಿಸಿತು. ಬಿಡಲಿಲ್ಲ. ಇದ್ದಕ್ಕಿದ್ದಂತೆ ನಿಲ್ಲಿಸಿದರೆ ಫಿಟ್ಸ್ ವಾಪಸ್ ಬರಬಹುದು, ಒಂದರ ಹಿಂದೊಂದು ನಿಲ್ಲದೆಯೂ ಬರಬಹುದು. ಡಾಕ್ಟರ್ ಹತ್ತಿರ ಹೋಗಿ ಎಲ್ಲಾ ಹೇಳಿದೆ. ಇನ್ನೊಂದು ಮಗು ಬೇಕು ಅನ್ನುವ ಆಸೆ ಇದೆ ಅಂತಲೂ ಹೇಳಿದೆ. ಫಿಟ್ಸ್‌ಗೇ ಕೊಡುವ ವಾಲ್ಪ್ರೋಯೇಟ್ ಬೇಡ ಅಂದರು, ಹೊಟ್ಟೆಯಲ್ಲಿರುವ ಮಗುವಿಗೆ ಅದರಿಂದ ತೊಂದರೆ ಆಗುವ ಸಂಭವ ಜಾಸ್ತಿ. ಲ್ಯಾಮೋಟ್ರಿಜಿನ್ ಅನ್ನುವ ಇನ್ನೊಂದು ಫಿಟ್ಸ್ ಔಷಧಿ ಶುರು ಮಾಡಿದರು. ಅದನ್ನು ಬೇಗ ಏರಿಸುವಂತಿಲ್ಲ. ಏರಿಸಿದರೆ ಮೈಮೇಲೆ ಗುಳ್ಳೆ ಏಳಬಹುದು, ಅದು ಕೆಲವರಿಗೆ ಜೀವಕ್ಕೇ ಅಪಾಯ. ವಾರಗಟ್ಟಲೆ ಕಾದು ಕಾದು ಡೋಸ್ ಹೆಚ್ಚಿಸಿದರು. ದಿನಾ ಕನ್ನಡಿ ಮುಂದೆ ಕೈ, ಕತ್ತು, ಬೆನ್ನು ನೋಡಿಕೊಳ್ಳುತ್ತಿದ್ದೆ. ಅದು ಒಂದು ಹದಕ್ಕೆ ಬಂದ ಮೇಲೆ ಲೆವೆಟಿರಾಸೆಟಮ್ ಅನ್ನು ಮೆಲ್ಲಗೆ ಅರ್ಧಕ್ಕೆ ಇಳಿಸಿದರು.

ಈಗ ಡಬ್ಬಿಯ ಪ್ರತಿ ಖಾನೆಯಲ್ಲಿ ಎರಡು ಮಾತ್ರೆ. ಸಿಟ್ಟು ಪೂರ್ತಿ ಹೋಗಿಲ್ಲ, ಆದರೆ ಬರುವ ಮುಂಚೆ ನನಗೇ ಗೊತ್ತಾಗುತ್ತದೆ.

ಹಾಗಂತ ಈ ಔಷಧಿ ಕೆಟ್ಟದ್ದು ಅನ್ನಲು ನನಗೆ ಮನಸ್ಸಿಲ್ಲ. ಜೊತೆಗೆ ಕೆಲಸ ಮಾಡುವ ಒಬ್ಬರು ಇದನ್ನೇ ನನಗಿಂತ ಜಾಸ್ತಿ ಡೋಸ್‌ನಲ್ಲಿ ತಗೊಳ್ಳುತ್ತಾರೆ, ಅವರಿಗೆ ಏನೂ ಆಗಿಲ್ಲ. ಹೊಸದಾಗಿ ಶುರು ಮಾಡುವವರು ಮೊದಲ ದಿನವೇ ಮನೆಯವರಿಗೆ ಹೇಳಿಡಿ, ‘ನಾನು ಬದಲಾದರೆ ತಕ್ಷಣ ಹೇಳಿ’ ಅಂತ. ನಮ್ಮ ಸಿಟ್ಟು ನಮಗಿಂತ ಮುಂಚೆ ಅವರಿಗೆ ಕಾಣುತ್ತದೆ.

ಮುಂದಿನ ಭೇಟಿಯಲ್ಲಿ ಇನ್ನೂ ಸ್ವಲ್ಪ ಇಳಿಸುವ ಮಾತಿದೆ. ನನಗೆ ಆಸೆಯೂ ಇದೆ, ಭಯವೂ ಇದೆ.