ಬೆನ್ನಿಗೆ ಸ್ಕೋಲಿಯೊಮೀಟರ್, ಉಸಿರಿಗೆ ಸ್ಪೈರೊಮೀಟರ್, ಎರಡನ್ನೂ ಜೋಡಿಸುವ ಟೇಪು

ಕಾಲೇಜಿನ ಆರೋಗ್ಯ ಶಿಬಿರಕ್ಕೋ ಫಿಸಿಯೋಥೆರಪಿ ಕ್ಲಿನಿಕ್ಕಿಗೋ ಸಾಮಾನು ಕೊಳ್ಳುವವರು ಹಣವನ್ನೆಲ್ಲ, ಊದಿದ ಉಸಿರನ್ನು ಅಳೆಯುವ ಸ್ಪೈರೊಮೀಟರಿಗೇ ಸುರಿಯುವುದುಂಟು. 18ರಿಂದ 25ರ ಪ್ರಾಯದವರನ್ನು ಪರೀಕ್ಷಿಸಲು ನಾವು ಹೇಳುವ ಕ್ರಮ ಬೇರೆ. ಮೊದಲು ಬೆನ್ನಿನ ಓರೆ ಅಳೆಯುವ ಸ್ಕೋಲಿಯೊಮೀಟರ್, ಅದರ ಜೊತೆ ಹಿಗ್ಗದ ಟೇಪು, ಆಮೇಲೆ ಸ್ಪೈರೊಮೀಟರ್.

ಸ್ಕೋಲಿಯೊಮೀಟರ್ ನೋಡಲು ಬಡಗಿಯ ರಸಮಟ್ಟದ ತಮ್ಮನಂತಿದೆ. ಬಾಗಿದ ಕೊಳವೆ, ಒಳಗೆ ದ್ರವ, ಅದರಲ್ಲಿ ಉರುಳುವ ಪುಟ್ಟ ಗುಂಡು, ಎರಡೂ ಕಡೆ 30 ಡಿಗ್ರಿಯವರೆಗೆ ಗುರುತು. ಬ್ಯಾಟರಿ ಬೇಡ. ಅಮೆರಿಕದ ಮೂಳೆ ವೈದ್ಯ ವಿಲಿಯಂ ಬನೆಲ್ 1984ರಲ್ಲಿ ವೈದ್ಯಲೋಕದ ಮುಂದಿಟ್ಟ ಅಳತೆಯ ಕ್ರಮವೇ ಇಂದಿಗೂ ನಡೆಯುತ್ತಿದೆ. ಕೊಂಡ ದಿನವೇ ಮೇಜಿನ ಮೇಲಿಟ್ಟು ಓದಿ, ತಿರುಗಿಸಿಟ್ಟು ಮತ್ತೆ ಓದಿ. ಗುಂಡು ಎರಡು ಸಲವೂ ಕಿಟಕಿಯ ಕಡೆಗೇ ವಾಲಿದರೆ ಮೇಜು ಓರೆ, ಸಾಧನದ ಒಂದೇ ತುದಿಯ ಕಡೆಗೆ ವಾಲಿದರೆ ಸಾಧನ ಓರೆ.

ಬೆನ್ನು ಪೂರ್ತಿ ಕಾಣುವಂತಿರಬೇಕು. ಪಾದ ಜೋಡಿಸಿ, ಮಂಡಿ ನೆಟ್ಟಗಿಟ್ಟು, ಅಂಗೈಗಳನ್ನು ಸೇರಿಸಿ ಕೈ ಇಳಿಬಿಟ್ಟು ನಿಧಾನವಾಗಿ ಮುಂದಕ್ಕೆ ಬಾಗಿಸಿ. ಸಾಧನದ ನಡುವಿನ ಕಚ್ಚು ಬೆನ್ನುಮೂಳೆಯ ಉಬ್ಬಿನ ಮೇಲೆ ಕೂರುವಂತೆ ಅಡ್ಡಲಾಗಿ ಇಡಿ. ಬಾಗುತ್ತ ಹೋದಂತೆ ಎದೆಯ ಭಾಗ, ನಡುಭಾಗ, ಸೊಂಟ ಮೂರೂ ಕಡೆ ಓದಿ. ಒತ್ತಬಾರದು. ಒತ್ತಿದರೆ ಉಬ್ಬಿದ ಕಡೆಯ ಮಾಂಸ ತಗ್ಗಿ ಅಂಕಿ ಕಡಿಮೆ ಬರುತ್ತದೆ. ಎದ್ದು ನಿಲ್ಲಿಸಿ, ಮತ್ತೆ ಬಾಗಿಸಿ, ಎರಡನೇ ಸಲ ಅಳೆಯಿರಿ. ಸೊಂಟದಲ್ಲಷ್ಟೇ ಓರೆ ಕಂಡರೆ ಕಾಲಿನ ಉದ್ದದಲ್ಲಿ ವ್ಯತ್ಯಾಸವಿರಬಹುದು. ಸ್ಟೂಲಿನ ಮೇಲೆ ಕೂರಿಸಿ ಬಾಗಿಸಿದಾಗ ಓರೆ ಮಾಯವಾದರೆ ಕಾರಣ ಕಾಲಿನದು.

7 ಡಿಗ್ರಿ ಅಥವಾ ಹೆಚ್ಚು ಬಂದರೆ ಮೂಳೆ ವೈದ್ಯರ ಬಳಿ ಕಳಿಸಬೇಕು. 5 ಅಥವಾ 6 ಬಂದವರನ್ನು ಮತ್ತೆ ಕರೆದು ನೋಡಬೇಕು. ಈ ಅಂಕಿ ಮುಂಡದ ತಿರುಚನ್ನು ತೋರಿಸುತ್ತದೆ, ಬೆನ್ನುಮೂಳೆ ಪಕ್ಕಕ್ಕೆ ಎಷ್ಟು ಬಾಗಿದೆ ಎಂದು ಎಕ್ಸ್‌ರೇಯಲ್ಲಿ ಅಳೆಯುವ ಕಾಬ್ ಕೋನವನ್ನಲ್ಲ. ಸ್ಕೋಲಿಯೋಸಿಸ್, ಅಂದರೆ ಬೆನ್ನುಮೂಳೆ ಪಕ್ಕಕ್ಕೆ ವಾಲಿದೆ ಎನ್ನಲು ಕಾಬ್ ಕೋನ 10 ಡಿಗ್ರಿಯಾದರೂ ಇರಬೇಕು. ಸ್ಥೂಲಕಾಯದವರಲ್ಲಿ ಸ್ಕೋಲಿಯೊಮೀಟರ್ ಓರೆಯನ್ನು ಬಚ್ಚಿಡುತ್ತದೆ, ಇದೇ ಅದರ ದೊಡ್ಡ ಕೊರತೆ. ಫೋನಿನ ಆ್ಯಪ್ ಸಾಲದೇ ಎಂದು ಕೇಳುವವರಿದ್ದಾರೆ. ಸೆನ್ಸರ್ ಪರವಾಗಿಲ್ಲ, ಆದರೆ ಫೋನಿಗೆ ನಡುವಿನ ಕಚ್ಚಿಲ್ಲ. ಅಂಚು ನೇರವಾಗಿ ಬೆನ್ನುಮೂಳೆಯ ಉಬ್ಬಿನ ಮೇಲೆ ಕೂತು ಇತ್ತಲಿಂದತ್ತ ತೂಗಾಡುತ್ತದೆ. ಎರಡು ಹೆಬ್ಬೆರಳನ್ನು ಅಂಚಿನಡಿ ಉಬ್ಬಿನ ಇಕ್ಕೆಲದಲ್ಲಿಟ್ಟು ಹಿಡಿದರೆ ಕೆಲಸ ನಡೆಯುತ್ತದೆ.

ಬೆನ್ನು ವಾಲಿದರೆ ಶ್ವಾಸಕೋಶವೂ ಕುಗ್ಗಬಹುದು, ಅದನ್ನು ನೋಡಲು ಸ್ಪೈರೊಮೀಟರ್. ಕೈಯಲ್ಲಿ ಹಿಡಿಯುವ ಮಾದರಿಗಳಲ್ಲಿ ಟರ್ಬೈನಿನದು ಹಗುರ, ಆದರೆ ಎಂಜಲು, ಕೂದಲೆಳೆ ಸಿಕ್ಕಿಕೊಂಡರೆ ಚಕ್ರ ತಡವರಿಸುತ್ತದೆ. ಸೀಲಿಂಗ್ ಫ್ಯಾನಿನ ಗಾಳಿಗೂ ತಿರುಗೀತು, ಫ್ಯಾನ್ ಆರಿಸಿ. ಜಾಲರಿಯ ಎರಡು ಬದಿಯ ಒತ್ತಡದ ವ್ಯತ್ಯಾಸದಿಂದ ಉಸಿರು ಅಳೆಯುವ ನ್ಯೂಮೋಟ್ಯಾಕ್ ಮಾದರಿಯಲ್ಲಿ, ಆ ಜಾಲರಿಯ ಮೇಲೆ ಉಸಿರಿನ ತೇವ ಕೂತರೆ ಅಂಕಿ ಜಾರುತ್ತದೆ. ಅಲ್ಟ್ರಾಸೌಂಡಿನದಕ್ಕೆ ತಿರುಗುವ ಭಾಗಗಳೇ ಇಲ್ಲ, ಶಿಬಿರದಲ್ಲಿ ನೂರು ಜನ ಊದುವುದಾದರೆ ನಮ್ಮ ಓಟು ಅದಕ್ಕೆ. ಯಾವುದೇ ಕೊಳ್ಳಿ, ಪರದೆಯ ಮೇಲೆ ಊದಿದ ಗ್ರಾಫ್ ಕಾಣಿಸದ ಯಂತ್ರ ಬೇಡ. ಬರೀ ಅಂಕಿ ನೋಡಿದರೆ ಕೆಮ್ಮಿದ್ದೂ ತಿಳಿಯದು, ಅರ್ಧಕ್ಕೆ ನಿಲ್ಲಿಸಿದ್ದೂ ತಿಳಿಯದು. ದಿನವೂ 3 ಲೀಟರಿನ ಸಿರಿಂಜಿನಿಂದ, ಫಿಲ್ಟರ್ ಹಾಕಿಯೇ ಪರೀಕ್ಷಿಸಿ. 2.91ರಿಂದ 3.09 ಲೀಟರಿನೊಳಗೆ ಬರಬೇಕು.

ಊದುವವರು ನೆಟ್ಟಗೆ ಕೂತು, ಮೂಗಿಗೆ ಕ್ಲಿಪ್ ಹಾಕಿ, ಎದೆ ತುಂಬ ಗಾಳಿ ಎಳೆದು, ತಡಮಾಡದೆ ಒಮ್ಮೆಗೇ ಜೋರಾಗಿ ಊದಿ, ಖಾಲಿಯಾಗುವವರೆಗೆ ಬಿಡಬಾರದು. ಸರಿಯಾದ ಮೂರು ಊದು ಬೇಕು. ಅವುಗಳಲ್ಲಿ ದೊಡ್ಡ ಎರಡರ ನಡುವಿನ ಅಂತರ 150 ಮಿಲಿಲೀಟರ್ ಮೀರಬಾರದು. ಎಂಟು ಸಲವಾದರೂ ಕೂಡಿಬರದಿದ್ದರೆ ಅಂದಿಗೆ ಬಿಡಿ. ಇತ್ತೀಚೆಗೆ ಕಣ್ಣು ಅಥವಾ ಹೊಟ್ಟೆಯ ಶಸ್ತ್ರಚಿಕಿತ್ಸೆ ಆದವರಿಂದ, ಕಫದಲ್ಲಿ ರಕ್ತ ಕಂಡವರಿಂದ, ಕ್ಷಯದ ಅನುಮಾನವಿರುವವರಿಂದ ಶಿಬಿರದಲ್ಲಿ ಊದಿಸಬೇಡಿ.

ಟೇಪಿನ ಮಾತು ಬರುವುದು ಇಲ್ಲಿ. ಯಂತ್ರ ಎತ್ತರ, ವಯಸ್ಸು, ಲಿಂಗ ಕೇಳಿ, ಇಷ್ಟು ಲೀಟರ್ ಇರಬೇಕಿತ್ತು ಎಂದು ಲೆಕ್ಕ ಹಾಕುತ್ತದೆ. ಬೆನ್ನು ವಾಲಿದವರ ಎತ್ತರ ಕುಗ್ಗಿರುತ್ತದೆ, ಹಾಗಾಗಿ ನಿರೀಕ್ಷೆಯೂ ಕುಗ್ಗುತ್ತದೆ. 170 ಸೆಂಟಿಮೀಟರ್ ಇರಬೇಕಾದವರು 162 ನಿಂತರೆನ್ನಿ. 170ಕ್ಕೆ ನಿರೀಕ್ಷೆ 4 ಲೀಟರ್, 162ಕ್ಕೆ 3.6 ಎಂದಿಟ್ಟುಕೊಳ್ಳಿ. ಅವರು ಊದಿದ್ದು 3 ಲೀಟರ್. ಒಂದು ಲೆಕ್ಕದಲ್ಲಿ ಶೇ. 75, ಇನ್ನೊಂದರಲ್ಲಿ ಶೇ. 83. ಶೇ. 80 ಮುಟ್ಟಿದರೆ ಸರಿ ಎಂದು ಗೆರೆ ಇಟ್ಟುಕೊಂಡ ಶಿಬಿರದಲ್ಲಿ, ನಾವು ಹುಡುಕುತ್ತಿದ್ದ ವ್ಯಕ್ತಿಯೇ ‘ನಾರ್ಮಲ್’ ಚೀಟಿ ಹಿಡಿದು ಮನೆಗೆ ಹೋಗುತ್ತಾರೆ. ಇದು ನಮಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಡುವ ತಪ್ಪು.

ಆದ್ದರಿಂದ ಸ್ಕೋಲಿಯೊಮೀಟರಿನಲ್ಲಿ ಓರೆ ಕಂಡವರನ್ನು ಗೋಡೆಗೆ ಬೆನ್ನು ತಾಗಿಸಿ ನಿಲ್ಲಿಸಿ, ಭುಜದ ಮಟ್ಟಕ್ಕೆ ತೋಳು ಚಾಚಿಸಿ, ಒಂದು ನಡುಬೆರಳ ತುದಿಯಿಂದ ಇನ್ನೊಂದರ ತುದಿಗೆ ಇಬ್ಬರು ಸೇರಿ ಅಳೆಯಿರಿ. ನೆಟ್ಟಗಿನ ಬೆನ್ನಿನವರಲ್ಲೂ ಈ ಅಳತೆ ಎತ್ತರಕ್ಕಿಂತ ತುಸು ಹೆಚ್ಚಿರುವುದುಂಟು, ಹಾಗಾಗಿ ಎತ್ತರ, ತೋಳಿನ ಅಳತೆ ಎರಡನ್ನೂ ವರದಿಯಲ್ಲಿ ಬರೆದು ವೈದ್ಯರಿಗೆ ಕೊಡಿ.

ಅದೇ ಟೇಪನ್ನು ಎದೆಯ ಸುತ್ತ ಹಾಕಿ, ಪೂರ್ತಿ ಉಸಿರು ಬಿಟ್ಟಾಗ ಮತ್ತು ಎಳೆದಾಗ ಅಳೆಯಿರಿ. ವ್ಯತ್ಯಾಸ 2.5 ಸೆಂಟಿಮೀಟರಿಗಿಂತ ಕಡಿಮೆಯಿದ್ದು, ಬೆಳಿಗ್ಗೆ ಅರ್ಧ ಗಂಟೆಗೂ ಮೀರಿ ಬೆನ್ನು ಸೆಟೆದುಕೊಂಡು ಓಡಾಡಿದ ಮೇಲೆ ಸಡಿಲವಾಗುವವರನ್ನು ಸಂಧಿವಾತ ತಜ್ಞರ ಬಳಿ ಕಳಿಸಿ. ಉರಿಯೂತದಿಂದ ಬೆನ್ನುಮೂಳೆಯ ಕೀಲುಗಳು ಸೆಟೆಯುವ ಆಂಕೈಲೋಸಿಂಗ್ ಸ್ಪಾಂಡಿಲೈಟಿಸ್ ಶುರುವಾಗುವುದು ಬಹುಪಾಲು ಹದಿಹರೆಯದ ಕೊನೆಯಿಂದ 40ರೊಳಗಿನ ಪ್ರಾಯದಲ್ಲಿ.

ಅಗ್ಗವೆಂದು ಸ್ಪೈರೊಮೀಟರಿನ ಬದಲು ಪೀಕ್ ಫ್ಲೋ ಮೀಟರ್ ಕೊಳ್ಳಬೇಡಿ. ಆಸ್ತಮಾ ಇದ್ದವರು ಮನೆಯಲ್ಲಿ ನೋಡಿಕೊಳ್ಳಲು ಅದು ಚೆನ್ನ. ಊದಿನ ರಭಸವನ್ನಷ್ಟೇ ಅಳೆಯುವ ಅದಕ್ಕೆ ಬೆನ್ನು ವಾಲಿ ಕುಗ್ಗಿದ ಶ್ವಾಸಕೋಶದ ಗಾತ್ರ ಕಾಣುವುದಿಲ್ಲ.