ಗ್ಯಾಸ್ ಗೀಸರಿನಲ್ಲಿ ಇ1 ಬಂತಾ? ‘ಬೋರ್ಡ್ ಹೋಗಿದೆ’ ಅಂದವನಿಗೆ ದುಡ್ಡು ಕೊಡಬೇಡಿ

ಕಾರವಾರ, ಅಂಕೋಲಾ, ಕುಮಟಾ ಕಡೆಯವರು ದಯವಿಟ್ಟು ಪೂರ್ತಿ ಓದಿ. ಗೀಸರಿನ ಡಿಸ್‌ಪ್ಲೇಯಲ್ಲಿ ಇ1 (E1) ಅನ್ನುವ ತೊಂದರೆಯ ಕೋಡ್ ಕಂಡ ಕೂಡಲೇ ‘ಬೋರ್ಡ್ (ಒಳಗಿನ ಎಲೆಕ್ಟ್ರಾನಿಕ್ ಹಲಗೆ) ಹೋಗಿದೆ’ ಅನ್ನುವ ಮನುಷ್ಯ ಬಂದರೆ ಚಹಾ ಕೊಟ್ಟು ಕಳಿಸಿ, ದುಡ್ಡು ಕೊಡಬೇಡಿ. ನಮ್ಮಲ್ಲಿ 2,800 ರೂಪಾಯಿ ಹೋಯಿತು. ದುಡ್ಡು ಹಾಳಾಗಲಿ, ಅವನು ಒಳಗೆ ಮಾಡಿಟ್ಟು ಹೋದ ಕೆಲಸ ನೆನೆದರೆ ಈಗಲೂ ಮೈ ಉರಿಯುತ್ತದೆ.

ಎಲ್ಲರ ಮನೆಯಲ್ಲೂ ಇರುವ ನಮೂನೆಯ ಗೀಸರೇ ಅದು. ನಿಮಿಷಕ್ಕೆ 6 ಲೀಟರ್, ಕೆಳಗೆ ಎರಡು ದಪ್ಪ ಸೆಲ್. ನಲ್ಲಿ ಬಿಟ್ಟರೆ ಟಿಕ್ ಟಿಕ್ ಅಂತ ಕಿಡಿ ಹಾರುತ್ತದೆ, ಬೆಂಕಿ ಹತ್ತುವುದಿಲ್ಲ, ಸ್ವಲ್ಪ ಹೊತ್ತಿಗೆ ಇ1. ನೆಟ್ಟಿನಲ್ಲಿ ‘ಅಧಿಕೃತ ಸರ್ವಿಸ್’ ಅಂತ ಸಿಕ್ಕಿದ ನಂಬರಿನವನು ಬಂದ, ಕವರ್ ಕೂಡ ಬಿಚ್ಚದೆ ತೀರ್ಪು ಕೊಟ್ಟ: “ಪಿಸಿಬಿ (ಅದೇ ಬೋರ್ಡು) ಡೆಡ್ ಸಾರ್. ಸಮುದ್ರದ ಗಾಳಿ ಅಲ್ವಾ, ಈ ಕಡೆ ಬೋರ್ಡ್ ಉಳಿಯೋದೇ ಇಲ್ಲ.”

ಅಲ್ಲ ಮಾರಾಯ್ರೆ, ಕಿಡಿ ಕೊಡುವುದೇ ಆ ಬೋರ್ಡು. ಇ1 ಅಂತ ತೋರಿಸುವುದೂ ಅದೇ. ಅದು ಸತ್ತಿದ್ದರೆ ಟಿಕ್ ಟಿಕ್ ಅನ್ನುತ್ತಿದ್ದವರು ಯಾರು? ಗ್ಯಾಸ್ ವಾಲ್ವಿಗೆ ಕರೆಂಟ್ ಕಳಿಸುವ ಭಾಗ ಮಾತ್ರ ಕೆಟ್ಟಿರುವುದೂ ಉಂಟು, ಆದರೆ ಅದನ್ನು ಕರೆಂಟ್ ಅಳೆಯುವ ಮಲ್ಟಿಮೀಟರ್ ಹಿಡಿದು ನೋಡಿ ಹೇಳಬೇಕು. ಅವನ ಚೀಲದಲ್ಲಿ ಮೀಟರೇ ಇರಲಿಲ್ಲ.

ಬೋರ್ಡಿಗೆ 2,400, ಬಂದು ಹೋದದ್ದಕ್ಕೆ 400. “ಹೊಸ ಬೋರ್ಡಿಗೆ ಹೊಸ ಸೆಲ್ಲೇ ಬೇಕು, ಅಂಗಡಿಯಿಂದ ತಂದುಬಿಡಿ ಸಾರ್” ಅಂತ ಕಳಿಸಿದ. ಸೆಲ್ ತರುವಷ್ಟರಲ್ಲಿ ಕವರ್ ಮುಚ್ಚಿಯಾಗಿತ್ತು. ನಲ್ಲಿ ಬಿಟ್ಟರೆ ಭಗ್ ಅಂತ ಬೆಂಕಿ, ಸುಡುಸುಡು ನೀರು. ಹಳೇ ಬೋರ್ಡ್ ಎಲ್ಲಿ ಅಂದರೆ, “ಅದು ಕಂಪನಿಗೆ ವಾಪಸ್ ಕೊಡಬೇಕು ಸಾರ್, ರೂಲ್ಸು.” ಬಿಲ್ ಕೇಳಿದರೆ, “ಬಿಲ್ ಬೇಕಾದರೆ ಇನ್ನೂ 18 ಪರ್ಸೆಂಟ್ ಆಗ್ತದೆ.”

ಮಳೆ ಹಿಡಿದ ಮೇಲೆ ಮತ್ತೆ ಅದೇ ಟಿಕ್ ಟಿಕ್, ಮತ್ತೆ ಇ1. ಸಿಲಿಂಡರ್ ಬಂದ್ ಮಾಡಿ, ಸೆಲ್ ತೆಗೆದು, ಕವರ್ ಬಿಚ್ಚಿದರೆ ಹಳೇ ಬೋರ್ಡು ಇದ್ದಲ್ಲೇ ಇದೆ! ಪಿನ್ನುಗಳ ಮೇಲೆ ಹಸಿರು ಕಿಲುಬು. ಅದರ ಮೇಲಿನ ಹಲ್ಲಿ ಹಿಕ್ಕೆ ಸಮೇತ ಹಾಗೇ ಇದೆ. 2,400 ರೂಪಾಯಿಯ ಹೊಸ ಬೋರ್ಡಿಗೆ ಹಲ್ಲಿ ಹಿಕ್ಕೆ ಫ್ರೀ ಬರುತ್ತದಾ?

ಅದಕ್ಕಿಂತ ದೊಡ್ಡದು ಇನ್ನೊಂದು. ನೀರು ಕಾಯುವ ತಾಮ್ರದ ಪೆಟ್ಟಿಗೆಗೆ ತಾಗಿಕೊಂಡು ನಾಣ್ಯದ ಗಾತ್ರದ, ಎರಡು ಪಿನ್ನಿನ ಥರ್ಮೋಸ್ಟಾಟ್ ಇರುತ್ತದೆ. ನಮ್ಮದರ ಮೇಲೆ 85 ಡಿಗ್ರಿ ಅಂತ ಬರೆದಿತ್ತು. ಪೆಟ್ಟಿಗೆ ಮಿತಿ ಮೀರಿ ಕಾದರೆ ಅದು ಕರೆಂಟ್ ಕಡಿದು ಗ್ಯಾಸ್ ವಾಲ್ವ್ ಮುಚ್ಚಿಸುತ್ತದೆ. ಅದರ ಒಂದು ಲಗ್ (ವಯರನ್ನು ಪಿನ್ನಿಗೆ ಸಿಕ್ಕಿಸುವ ತಗಡಿನ ತುದಿ) ಉಪ್ಪುಗಾಳಿಗೆ ತಿಂದು ಹೋಗಿತ್ತು. ಇದ್ದ ತೊಂದರೆ ಅಷ್ಟೇ. ಲಗ್ ತುಂಡಾಯಿತು, ವಾಲ್ವಿಗೆ ಕರೆಂಟ್ ಹೋಗಲಿಲ್ಲ, ಗ್ಯಾಸ್ ಬರಲಿಲ್ಲ, ಕಿಡಿ ಮಾತ್ರ ಹಾರಿತು, ಇ1. ಇದು ಅವನಿಗೆ ಗೊತ್ತಾಗಿದೆ! ಗೊತ್ತಾಗಿಯೇ ಥರ್ಮೋಸ್ಟಾಟಿನ ಎರಡೂ ವಯರ್ ಕಿತ್ತು, ಒಂದಕ್ಕೊಂದು ತಿರುಚಿ, ಟೇಪ್ ಸುತ್ತಿ ಹೋಗಿದ್ದಾನೆ. ಥರ್ಮೋಸ್ಟಾಟ್ ಖಾಲಿ ಪಿನ್ ಬಿಟ್ಟುಕೊಂಡು ಕೂತಿದೆ. ಅಷ್ಟು ದಿನ ಆ ಗೀಸರಿಗೆ ಬಿಸಿ ಮೀರಿದರೆ ತಡೆಯುವವರೇ ಇರಲಿಲ್ಲ. ಮಕ್ಕಳು ಸ್ನಾನ ಮಾಡುವ ಬಚ್ಚಲು ಅದು. ತಿರುಚಿದ ಗಂಟು ಮಳೆಗಾಲದ ಥಂಡಿಗೆ ಮತ್ತೆ ಕಿಲುಬು ಹಿಡಿದದ್ದರಿಂದ ಇ1 ವಾಪಸ್ ಬಂತು, ಇಲ್ಲದಿದ್ದರೆ ಗೊತ್ತೇ ಆಗುತ್ತಿರಲಿಲ್ಲ.

ಫೋನ್ ಮಾಡಿದರೆ ಮೊದಲು, “ಅದು ಬೇರೆ ಫಾಲ್ಟ್ ಸಾರ್, ವಿಸಿಟಿಂಗ್ ಬೇರೆ ಆಗ್ತದೆ.” ಹಳೇ ಬೋರ್ಡೇ ಇದೆಯಲ್ಲ ಅಂದರೆ, “ಅದು ರಿಪೇರಿ ಮಾಡಿ ಕೂರಿಸಿದ್ದು.” ವಯರ್ ಯಾಕೆ ಜೋಡಿಸಿದ್ದು ಅಂದರೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ನೀವು ಕವರ್ ಬಿಚ್ಚಿದ್ದೀರಿ, ವಾರಂಟಿ ಹೋಯ್ತು.” ಎಂತ ವಾರಂಟಿ? ಬಿಲ್ಲೇ ಕೊಡದವನ ವಾರಂಟಿ! ಈಗ ಫೋನ್ ಎತ್ತುವುದೂ ಇಲ್ಲ. ಅದೇ ಡಿಗ್ರಿಯ ಹೊಸ ಥರ್ಮೋಸ್ಟಾಟ್, ಎರಡು ಲಗ್, ಎಲ್ಲ ಸೇರಿ ಅವನ 400 ರೂಪಾಯಿಯ ಅರ್ಧವೂ ಆಗಲಿಲ್ಲ.

ಯಾರನ್ನಾದರೂ ಕರೆಯುವ ಮೊದಲು ಇಷ್ಟು ನೋಡಿಕೊಳ್ಳಿ. ಹೆಚ್ಚಿನ ಗೀಸರುಗಳಲ್ಲಿ ಇ1 ಅಂದರೆ ‘ಬೆಂಕಿ ಕಾಣಲಿಲ್ಲ’ ಅಂತ, ಆದರೆ ಕೋಡ್ ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ, ನಿಮ್ಮದರ ಪುಸ್ತಕ ನೋಡಿ. ನಲ್ಲಿ ಬಿಟ್ಟರೆ ಟಿಕ್ ಟಿಕ್ಕೇ ಇಲ್ಲ ಅಂದರೆ ಹೆಚ್ಚಾಗಿ ಸೆಲ್ ಸತ್ತಿರುತ್ತದೆ, ಇಲ್ಲವೇ ನೀರಿನ ಒತ್ತಡ ಸಾಲದು. ಟ್ಯಾಂಕಿ ಗೀಸರಿಗಿಂತ ಎರಡೂವರೆ ಮೀಟರಾದರೂ ಮೇಲಿರಬೇಕು, ನೀರು ಬರುವ ಬಾಯಿಯ ಜಾಳಿಗೆಯಲ್ಲಿ ಕೆಂಪು ಮಣ್ಣು ಕಟ್ಟಿಕೊಂಡಿರಬಾರದು. ಸೆಲ್ ಆಲ್ಕಲೈನ್ ಹಾಕಿ, ಚಾರ್ಜ್ ಮಾಡುವಂಥದ್ದು ಬೇಡ, ಅದು 1.2 ವೋಲ್ಟಿನದ್ದು. ಮೀಟರ್ ಇದ್ದರೆ ಕಿಡಿ ಹಾರುವಾಗಲೇ ಅಳೆಯಿರಿ: ಎರಡೂ ಸೇರಿ 3 ವೋಲ್ಟ್ ಇರಬೇಕಾದ್ದು 2.4ಕ್ಕೆ ಇಳಿದರೆ ಬದಲಿಸಿ. ಸೆಲ್ ಕೂರುವ ತಗಡಿನ ಕಿಲುಬು ಪಾಲಿಶ್ ಪೇಪರಿನಲ್ಲಿ ಉಜ್ಜಿ.

ಕಿಡಿ ಇದೆ, ಬೆಂಕಿ ಇಲ್ಲ ಅಂದರೆ ಸಿಲಿಂಡರ್, ರೆಗ್ಯುಲೇಟರ್ ನೋಡಿ. ಸಿಲಿಂಡರ್ ಬದಲಿಸಿದ ಮೇಲೆ ಪೈಪಿನ ಗಾಳಿ ಹೋಗುವವರೆಗೆ ಒಂದೆರಡು ಸಲ ಇ1 ಬರುವುದು ಸಹಜ. ಗ್ಯಾಸ್ ಸರಿ ಇದ್ದೂ ಹತ್ತದಿದ್ದರೆ ಆ ಥರ್ಮೋಸ್ಟಾಟಿನ ಲಗ್ ನೋಡಿ. ತಣ್ಣಗಿರುವಾಗ ಅದರ ಎರಡು ಪಿನ್ನಿಗೆ ಮೀಟರನ್ನು ಬೀಪ್ (ಕಂಟಿನ್ಯುಟಿ) ಸೆಟ್ಟಿಂಗಿನಲ್ಲಿಟ್ಟು ಹಿಡಿದರೆ ಬೀಪ್ ಅನ್ನಬೇಕು. ಅನ್ನದಿದ್ದರೆ ಹೊಸದು ಹಾಕಿಸಿ. ವಯರ್ ಜೋಡಿಸಬೇಡಿ, ಯಾರು ಹೇಳಿದರೂ ಜೋಡಿಸಬೇಡಿ.

ಬೆಂಕಿ ಹತ್ತಿ ಕೆಲವೇ ಸೆಕೆಂಡಿನಲ್ಲಿ ಆರಿದರೆ ಸೆನ್ಸರ್ ಕಡ್ಡಿ. ಬರ್ನರಿನ ಮೇಲೆ ಬಿಳಿ ಪಿಂಗಾಣಿಯಿಂದ ಹೊರಬಂದ ಕಡ್ಡಿಗಳಲ್ಲಿ ಕಿಡಿ ಹಾರದೇ ಇರುವುದು ಅದು. ಬೆಂಕಿಯ ಮೂಲಕ ಹರಿಯುವ ಅತಿ ಸಣ್ಣ ಕರೆಂಟನ್ನು ಅದು ಹಿಡಿಯಬೇಕು, ಮೇಲೆ ಮಸಿ, ತುಕ್ಕು ಕೂತರೆ ಹಿಡಿಯುವುದಿಲ್ಲ. ನಯವಾದ ಪಾಲಿಶ್ ಪೇಪರಿನಲ್ಲಿ ಹಗುರವಾಗಿ ಉಜ್ಜಿ, ಬಗ್ಗಿಸಬೇಡಿ. ಸುಮಾರು 20 ನಿಮಿಷ ಉರಿದು ತಾನೇ ಆರಿದರೆ ಅದು ಸುರಕ್ಷತೆಗೆ ಇಟ್ಟ ಟೈಮರ್, ಕೆಟ್ಟದ್ದಲ್ಲ. ಅದಕ್ಕೂ ‘ಬೋರ್ಡ್ ಬದಲಿಸಬೇಕು’ ಅನ್ನುವವರು ಇದ್ದಾರೆ. ಗ್ಯಾಸ್ ಪೈಪು, ವಾಲ್ವ್ ಮಾತ್ರ ನೀವು ಮುಟ್ಟಬೇಡಿ. ವಾಸನೆ ಬಂದರೆ ಸಿಲಿಂಡರ್ ಬಂದ್ ಮಾಡಿ, ಹೊರಗೆ ಬಂದು ಗ್ಯಾಸ್ ಸೋರಿಕೆಯ ತುರ್ತು ನಂಬರ್ 1906ಕ್ಕೆ ಫೋನ್ ಮಾಡಿ. ರಿಪೇರಿಯವನನ್ನು ಕರೆಯಲೇಬೇಕಾದರೆ ನಂಬರ್ ಗೀಸರಿನ ಪುಸ್ತಕದಿಂದ ತೆಗೆದುಕೊಳ್ಳಿ, ಹಳೇ ಪಾರ್ಟ್ ಕೈಗೆ ಕೊಟ್ಟ ಮೇಲೇ ದುಡ್ಡು ಕೊಡಿ, ಅವನು ಕವರ್ ಮುಚ್ಚುವವರೆಗೆ ಜಾಗ ಬಿಟ್ಟು ಕದಲಬೇಡಿ.

ಇನ್ನೊಂದು. ಹೋಗುವಾಗ ಅವನು ಪುಕ್ಕಟೆ ಬುದ್ಧಿ ಬೇರೆ ಹೇಳಿದ್ದ: “ಗಾಳಿಗೆ ಬೆಂಕಿ ಆರ್ತದೆ ಸಾರ್, ಬಚ್ಚಲಿನ ಕಿಟಕಿಗೆ ಪ್ಲಾಸ್ಟಿಕ್ ಕಟ್ಟಿಬಿಡಿ.” ಗಾಳಿಯಾಡದ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಉರಿದರೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ, ತಲೆ ತಿರುಗಿ ಬಿದ್ದವರು ಬಾಗಿಲ ಚಿಲಕ ತೆಗೆಯಲೂ ಆಗುವುದಿಲ್ಲ. ಮಳೆಗೆ, ಥಂಡಿಗೆ ಅಂತ ಯಾರಾದರೂ ಹಾಗೆ ಕಟ್ಟಿದ್ದರೆ ಇವತ್ತೇ ಬಿಚ್ಚಿ.