ನಡೆಯುತ್ತಿರುವ ವಾಟರ್ ಸರ್ವಿಸ್ ಕೊಳ್ಳುವ ಮುಂಚೆ: ಬಳ್ಳಾರಿ, ಕೊಪ್ಪಳ, ಸಿಂಧನೂರಿನಲ್ಲಿ ಕೂತು ನೋಡಿದ್ದು

ನಮ್ಮ ಕಡೆ ಬೋರ್ಡಿನ ಮೇಲೆ ಕಾರ್ ವಾಶ್ ಅಂತ ಬರೆಸಿದರೂ ಜನ ಕರೆಯೋದು ವಾಟರ್ ಸರ್ವಿಸ್ ಅಂತಲೇ. ನಾನು ಬಳ್ಳಾರಿಯ ಒಂದು ಸ್ಪೇರ್ ಪಾರ್ಟ್ಸ್ ಅಂಗಡಿಯ ಕೌಂಟರಿನಲ್ಲಿ ಹನ್ನೊಂದು ವರ್ಷ ನಿಂತವನು. ಸ್ವಂತದ್ದೊಂದು ಇರಲಿ ಅಂತ 2025ರಲ್ಲಿ ನಡೆಯುತ್ತಿರುವ ವಾಟರ್ ಸರ್ವಿಸ್ ಹುಡುಕೋಕೆ ಶುರು ಮಾಡಿದೆ. ಹೊಸದು ಹಾಕಿದರೆ ಗಿರಾಕಿ ಬರೋತನಕ ನೊಣ ಹೊಡೀಬೇಕು. ನಡೀತಿರೋದನ್ನು ತಗೊಂಡರೆ ಮೊದಲ ದಿನವೇ ಗಾಡಿ ಬರುತ್ತವೆ, ಅಲ್ವಾ?

ಐದು ಕಡೆ ಮಾತಾಡಿದೆ. ಎಲ್ಲರಿಗೂ ಒಂದೇ ಷರತ್ತು ಹಾಕಿದೆ. ‘ಒಂದು ವಾರ ನಿಮ್ಮ ಜಾಗದಲ್ಲಿ ಬೆಳಿಗ್ಗೆಯಿಂದ ಸಂಜೆ ತನಕ ಸುಮ್ನೆ ಕೂತಿರ್ತೀನಿ, ಕೆಲಸಕ್ಕೆ ಅಡ್ಡ ಬರಲ್ಲ.’ ಇಬ್ಬರು ಆಗಲ್ಲ ಅಂದರು. ಅವರಿಗೆ ಅಲ್ಲೇ ಕೈ ಮುಗಿದೆ. ಉಳಿದದ್ದು ಮೂರು: ಬಳ್ಳಾರಿಯಲ್ಲಿ ಹೊಸಪೇಟೆ ರಸ್ತೆ ಕಡೆ ಒಂದು, ಕೊಪ್ಪಳದ ಹತ್ತಿರ ಹೈವೇ ಪಕ್ಕ ಒಂದು, ರಾಯಚೂರು ಜಿಲ್ಲೆಯ ಸಿಂಧನೂರಿನಲ್ಲಿ ಒಂದು.

ಬಳ್ಳಾರಿಯದ್ದು ನೋಡೋಕೆ ಚೆಂದ. ಟೈಲ್ಸ್ ಹಾಕಿದ ನೆಲ, ಹೈಡ್ರಾಲಿಕ್ ಲಿಫ್ಟ್, ಫೋಮ್ ಟ್ಯಾಂಕ್, ಗಿರಾಕಿಗಳು ಕೂರೋಕೆ ಏಸಿ ರೂಮು. ಮಾಲೀಕ ನನಗಿಂತ ಚಿಕ್ಕವನು, ಕೇಳಿದ್ದು 9.5 ಲಕ್ಷ. ‘ದಿನಕ್ಕೆ 25 ಕಾರು ಅಣ್ಣಾ, ಕಣ್ಣು ಮುಚ್ಚಿ ತಗೋ’ ಅಂದ. ಕಣ್ಣು ತೆರೆದೇ ಕೂತೆ. ಏಪ್ರಿಲ್ ತಿಂಗಳು. ಸೋಮವಾರ 6, ಮಂಗಳವಾರ 7, ಮತ್ತೆ 9, 8, 11, ಶನಿವಾರ 14, ಭಾನುವಾರ 22. ವಾರಕ್ಕೆ 77 ಕಾರು. ದಿನಕ್ಕೆ ಹನ್ನೊಂದು ಅಂದಂಗಾಯ್ತು.

‘ಈ ವಾರ ಡಲ್ ಅಣ್ಣಾ’ ಅಂದ. ಇರಬಹುದು. ಹಾಗಾಗಿ ಹಿಂದಿನ ಹನ್ನೆರಡು ತಿಂಗಳ ಜೆಸ್ಕಾಂ ಕರೆಂಟ್ ಬಿಲ್ ಕೇಳಿದೆ. ಈ ಧಂದೆಯಲ್ಲಿ ನೋಟ್‌ಬುಕ್ ಏನು ಬೇಕಾದರೂ ಹೇಳುತ್ತೆ, ಮೀಟರ್ ಹೇಳಲ್ಲ. 5 ಎಚ್‌ಪಿ ಪಂಪು ಪೂರ್ತಿ ಭಾರದಲ್ಲಿ ಒಂದು ತಾಸು ಓಡಿದರೆ ನಾಲ್ಕು ಯೂನಿಟ್ ಆಸುಪಾಸು ಎಳೆಯುತ್ತದೆ. ಒಂದು ಕಾರಿಗೆ ನೀರಿನ ಗನ್ ಹಿಡಿಯೋದು ಹನ್ನೆರಡು ನಿಮಿಷ ಅಂತಿಟ್ಟುಕೊಳ್ಳಿ. ಅಲ್ಲಿಗೆ ಮುಕ್ಕಾಲು ಯೂನಿಟ್. ಬೋರಿನ ಮೋಟರು, ಕಂಪ್ರೆಸರ್, ವ್ಯಾಕ್ಯೂಮ್, ಲೈಟು ಬೇರೆ. ನಾನು ಕೂತ ವಾರ ಬೆಳಿಗ್ಗೆ, ಸಂಜೆ ಮೀಟರ್ ಓದಿ ಬರೆದುಕೊಂಡಿದ್ದೆ. ಎಲ್ಲ ಸೇರಿ ಕಾರಿಗೆ 1.4 ಯೂನಿಟ್ ಬಿತ್ತು. ದಿನಕ್ಕೆ 25 ಕಾರು ನಿಜವಾಗಿದ್ದರೆ ತಿಂಗಳಿಗೆ ಸಾವಿರದ ಮೇಲೆ ಯೂನಿಟ್ ಬರಬೇಕು. ಬಿಲ್ಲುಗಳ ಸರಾಸರಿ 460. ನನ್ನ ಹನ್ನೊಂದು ಕಾರಿನ ಲೆಕ್ಕಕ್ಕೆ ಸರಿಯಾಗಿ ಕೂತಿತು.

ಅವನು ಸೋಲಲಿಲ್ಲ. ಫೋನ್ ತೆಗೆದು ಸ್ಕ್ಯಾನರಿಗೆ ಬಂದ ದುಡ್ಡಿನ ಪಟ್ಟಿ ತೋರಿಸಿದ. ತಿಂಗಳಿಗೆ ಎರಡೂವರೆ ಲಕ್ಷದ ಹತ್ತಿರ. ನನಗೂ ಒಂದು ಗಳಿಗೆ ಅನುಮಾನ ಬಂತು, ನಾನೇ ತಪ್ಪು ಎಣಿಸಿದೆನಾ ಅಂತ. ಆಮೇಲೆ ಬೆರಳಲ್ಲಿ ಸರಿಸುತ್ತಾ ಹೋದರೆ 24 ರೂಪಾಯಿ, 36 ರೂಪಾಯಿ, 60 ರೂಪಾಯಿ ಅಂತ ಸಾಲು ಸಾಲು. ನಡುವೆ 3,200, 5,750. ಗಾಡಿ ತೊಳೆಯೋಕೆ 24 ರೂಪಾಯಿ ಯಾರು ಕೊಡ್ತಾರೆ? ಪಕ್ಕದ ಟೀ ಅಂಗಡಿಗೂ ಹಿಂದಿನ ಟೈರ್ ಅಂಗಡಿಗೂ ಅದೇ ಸ್ಕ್ಯಾನರ್. ಮೂರೂ ಅಣ್ಣತಮ್ಮಂದಿರದೇ.

ನಿಜವಾದ ಲೆಕ್ಕ ಹಾಕಿದೆ. ತಿಂಗಳಿಗೆ 330 ಕಾರು, ಸರಾಸರಿ 430 ರೂಪಾಯಿ, ಒಟ್ಟು 1.42 ಲಕ್ಷ. ಬಾಡಿಗೆ 28 ಸಾವಿರ, ನಾಲ್ಕು ಹುಡುಗರ ಸಂಬಳ 60 ಸಾವಿರ, ಕರೆಂಟು 6 ಸಾವಿರ, ಶಾಂಪೂ ಬಟ್ಟೆ ಇತ್ಯಾದಿ 8 ಸಾವಿರ ಕಳೆದರೆ ಕೈಗೆ 40 ಸಾವಿರ. ಅದೂ ಬೋರಿನಲ್ಲಿ ನೀರಿದ್ದಾಗ. ಏಪ್ರಿಲ್‌ನಲ್ಲಿ ಆ ಬೋರು ಮುಕ್ಕಾಲು ತಾಸು ಎತ್ತಿ ಗಾಳಿ ಬಿಡುತ್ತಿತ್ತು. ಕಾರಿಗೆ 200 ಲೀಟರ್ ಹಿಡಿದರೂ ಎರಡು ದಿನಕ್ಕೊಂದು 5,000 ಲೀಟರ್ ಟ್ಯಾಂಕರ್ ಬೇಕು, 700 ರೂಪಾಯಿ. ತಿಂಗಳಿಗೆ ಹತ್ತು ಸಾವಿರ ಹೋಯ್ತು. ಆ ನೀರೋ, ನನ್ನ ಟಿಡಿಎಸ್ ಮೀಟರಿನಲ್ಲಿ (ನೀರಿನಲ್ಲಿ ಕರಗಿದ ಲವಣ ಅಳೆಯೋದು, ಜಾಸ್ತಿ ಇದ್ದಷ್ಟೂ ಕಲೆ ಜಾಸ್ತಿ) 1,850 ತೋರಿಸಿತು. ಕಪ್ಪು ಕಾರಿನ ಬಾನೆಟ್ ಮೇಲೆ ಬಿಸಿಲಿಗೆ ಒಣಗಿತೋ, ಸುಣ್ಣ ಚಿಮುಕಿಸಿದ ಹಾಗೆ ಬಿಳಿ ಚುಕ್ಕೆ. ಹುಡುಗರು ಓಡಿ ಓಡಿ ಒರೆಸುತ್ತಿದ್ದರು.

ಲಿಫ್ಟ್ ಪರೀಕ್ಷೆಗೆ ಒಂದು ಸುಲಭದ ದಾರಿ ಇದೆ. ಬೆಳಿಗ್ಗೆ ಹತ್ತಕ್ಕೆ ಒಂದು ದೊಡ್ಡ ಕಾರನ್ನು ಎತ್ತಿಸಿ, ಕಂಬದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಯಾರೂ ಅದರ ಕೆಳಗೆ ಹೋಗಬೇಡಿ ಅಂದೆ. ಹನ್ನೆರಡಕ್ಕೆ ನೋಡಿದರೆ ಗೆರೆಯಿಂದ ನಾಲ್ಕು ಬೆರಳು ಇಳಿದಿತ್ತು. ಸಿಲಿಂಡರಿನ ಸೀಲೋ ವಾಲ್ವೋ ಸೋರುತ್ತಿದೆ ಅಂತ ಅರ್ಥ. ಕೆಳಗೆ ಹುಡುಗರು ನಿಂತು ತೊಳೆಯೋ ಸಾಮಾನು ಅದು!

ಇಷ್ಟಾದರೂ ಬೆಲೆ ಇಳಿಸಿ ತಗೋಬಹುದಿತ್ತೇನೋ. ಕೆಡಿಸಿದ್ದು ಬಾಡಿಗೆ ಕರಾರು. 11 ತಿಂಗಳದ್ದು, ಐದೇ ತಿಂಗಳು ಉಳಿದಿತ್ತು. ಕರಾರು ಒಂದು ವರ್ಷ ದಾಟಿದರೆ ನೋಂದಣಿ ಮಾಡಿಸಲೇಬೇಕು ಅಂತ ಎಲ್ಲರೂ 11 ತಿಂಗಳು ಬರೆಸುತ್ತಾರೆ. ಕೊಳ್ಳುವವನಿಗೆ ಅದೇ ಕುತ್ತು. ಜಾಗದ ಯಜಮಾನರನ್ನು ನಾನೇ ಮನೆಗೆ ಹೋಗಿ ಕಂಡೆ. ಪಾಪ, ನೇರ ಮನುಷ್ಯ. ‘ನೋಡಪ್ಪ, ಮುಂದಿನ ವರ್ಷ ಅಲ್ಲಿ ಕಾಂಪ್ಲೆಕ್ಸ್ ಕಟ್ಟಿಸ್ತೀನಿ, ಆ ಹುಡುಗನಿಗೂ ಹೇಳೀನಿ’ ಅಂದರು. ಆ ಹುಡುಗ ನನಗೆ ಹೇಳಿರಲಿಲ್ಲ ಅಷ್ಟೇ. ಮಾರುವವನು ತಾನಾಗಿ ಜಾಗದ ಯಜಮಾನರ ಮನೆ ತೋರಿಸಲ್ಲ. ನೀವೇ ಹುಡುಕಿಕೊಂಡು ಹೋಗಬೇಕು.

ಕೊಪ್ಪಳದ್ದು ಪೂರ್ತಿ ಬೇರೆ ಲೋಕ. ಕಾರು ಬಂದರೆ ಹುಡುಗರೇ ತಿರುಗಿ ನೋಡುತ್ತಾರೆ, ಅಷ್ಟು ಕಮ್ಮಿ. ಎಲ್ಲ ಲಾರಿ, ಟಿಪ್ಪರ್. ಗಿಣಿಗೇರಿ ಕಡೆಯ ಉಕ್ಕಿನ ಕಾರ್ಖಾನೆಗಳಿಂದ ಬರುವ ಗಾಡಿಗಳ ಮೈಮೇಲೆ ಕಪ್ಪು ಧೂಳು, ಸಂಡೂರು ಕಡೆಯಿಂದ ಬಂದವಕ್ಕೆ ಕೆಂಪು ಧೂಳು. ಎರಡೂ ಗ್ರೀಸಿಗೆ ಅಂಟಿಕೊಂಡರೆ ನೀರಿಗೆ ಬಿಡಲ್ಲ, ಡೀಸೆಲ್ ಹೊಡೆದು ನೆನೆಸಬೇಕು. ಚಾಸಿಸ್ ಸೇರಿ ಒಂದು ಲಾರಿಗೆ 700, ಗ್ರೀಸ್ ಹೊಡೆದರೆ ಮೇಲೆ 200. ವಾರದಲ್ಲಿ 64 ಲಾರಿ ಎಣಿಸಿದೆ. ಕೇಳಿದ್ದು 7 ಲಕ್ಷ. ಎಲ್ಲ ಕಳೆದು ತಿಂಗಳಿಗೆ 65 ಸಾವಿರ ಉಳಿಯೋ ಹಾಗೆ ಕಂಡಿತು. ಮೂರರಲ್ಲಿ ಇದೇ ಜಾಸ್ತಿ. ಬೋರೂ ಗಟ್ಟಿ. ಅಲ್ಲಿ ಕೂತ ಮೊದಲ ಮೂರು ದಿನ ಇದೇ ನನ್ನದು ಅಂತ ಮನಸ್ಸಿನಲ್ಲೇ ಬೋರ್ಡ್ ಬರೆಸಿಬಿಟ್ಟಿದ್ದೆ.

ನಾಲ್ಕನೇ ದಿನ ಗಲ್ಲಾ ನೋಡಿದೆ. ಒಂಬತ್ತು ಲಾರಿ ತೊಳೆದಿದ್ದರು, ಗಲ್ಲಾದಲ್ಲಿ 2,100 ರೂಪಾಯಿ. ಉಳಿದದ್ದು ಉದ್ರಿ ಪುಸ್ತಕದಲ್ಲಿ. ಒಟ್ಟು ಬಾಕಿ 1.83 ಲಕ್ಷ. ಮಾಲೀಕರು ಹಿರಿಯರು, ಮಾತೂ ಸವಿ. ‘ತಮ್ಮಾ, ಅದು ಉದ್ರಿ ಅಲ್ಲ, ನಂಬಿಕಿ. ತಿಂಗಳಾ ತಿಂಗಳಾ ಬರ್ತದ’ ಅಂದರು. ನಾನು ಎಣಿಸಿದ 64 ಲಾರಿಯಲ್ಲಿ 41 ಒಬ್ಬರೇ ಟ್ರಾನ್ಸ್‌ಪೋರ್ಟ್‌ನವರದ್ದು. ಅವರು ಯಾರು ಅಂತ ಹುಡುಗರನ್ನು ಕೇಳಿದೆ. ‘ನಮ್ಮ ಸಾವ್ಕಾರ್ರ ಬೀಗರು’ ಅಂದರು. ಬೀಗರ ಗಾಡಿ ಬೀಗರ ಹತ್ತಿರ ಬರುತ್ತವೆ. ನನ್ನ ಹತ್ತಿರ ಯಾಕೆ ಬರಬೇಕು?

ಪಂಪಿನ ಎಣ್ಣೆಯೂ ನೋಡಿದೆ. ಮೂರು ಪಿಸ್ಟನ್ನಿನ ಪಂಪಿಗೆ ಎಣ್ಣೆ ನೋಡೋ ಕಿಂಡಿ ಇರುತ್ತದೆ. ಎಣ್ಣೆ ಜೇನಿನ ಬಣ್ಣದಲ್ಲಿದ್ದರೆ ಸರಿ. ಇಲ್ಲಿ ಹಾಲು ಜಾಸ್ತಿ ಹಾಕಿದ ಚಹಾ ಇದ್ದ ಹಾಗಿತ್ತು. ಸೀಲು ಹೋಗಿ ನೀರು ಒಳಗೆ ಇಳಿದಿದೆ. ಅದು ರಿಪೇರಿ ಆಗುತ್ತದೆ, ದೊಡ್ಡ ಮಾತಲ್ಲ. ತೊಳೆದ ನೀರಿನದು ದೊಡ್ಡ ಮಾತು. ಎಣ್ಣೆ ತಡೆಯೋ ಗುಂಡಿಯೇ ಇಲ್ಲ. ಡೀಸೆಲ್, ಗ್ರೀಸ್ ಎಲ್ಲ ಸೇರಿ ಪಕ್ಕದ ಹೊಲದ ಬದುವಿಗೆ ಹರಿಯುತ್ತಿತ್ತು. ಐದನೇ ದಿನ ಆ ಹೊಲದವರು ಬಂದು, ನನ್ನನ್ನೇ ಹೊಸ ಮಾಲೀಕ ಅಂದುಕೊಂಡು, ಅರ್ಧ ತಾಸು ಬೈದು ಹೋದರು. ಸುಮ್ನೆ ಬೈಸಿಕೊಂಡೆ, ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ.

ಸಿಂಧನೂರಿಗೆ ಹೋಗಿದ್ದು ಆಗಸ್ಟ್ ಮೊದಲ ವಾರ. ತಗಡಿನ ಶೆಡ್ಡು, ಲಿಫ್ಟ್ ಇಲ್ಲ, ಸಿಮೆಂಟಿನ ರ‍್ಯಾಂಪ್. ಕಂಪ್ರೆಸರ್ ಕೆಮ್ಮೋದು ರಸ್ತೆಗೆ ಕೇಳಿಸುತ್ತಿತ್ತು. ಗಾಡಿ ಮಾತ್ರ ಬಿಡುವಿಲ್ಲದ ಹಾಗೆ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟಿದ್ದರು, ನಾಟಿ ಜೋರು. ಗದ್ದೆ ಹೊಡೆದ ಟ್ರ್ಯಾಕ್ಟರು ಒಂದರ ಹಿಂದೊಂದು. ಗನ್ ಹಿಡಿದರೆ ಮಡ್‌ಗಾರ್ಡ್ ಒಳಗಿಂದ ರೊಟ್ಟಿಯಗಲದ ಕೆಸರಿನ ಹೆಂಟೆ ಧೊಪ್ ಅಂತ ಬೀಳುತ್ತವೆ. ಟ್ರ್ಯಾಕ್ಟರಿಗೆ 350, ಬೈಕಿಗೆ 80, ಕಾರಿಗೆ 300. ದಿನಕ್ಕೆ ಎಂಟೊಂಬತ್ತು ಟ್ರ್ಯಾಕ್ಟರು, ಹನ್ನೆರಡು ಬೈಕು, ನಾಲ್ಕೈದು ಕಾರು. ಕೇಳಿದ್ದು 5.5 ಲಕ್ಷ.

‘ಕಾಲುವಿ ನೀರು ಬಂದ್ರ ಕೆಸರು ಬರ್ತದ್ರಿ, ಕೆಸರು ಬಂದ್ರ ನಮ್ಮ ಗಲ್ಲಾ ತುಂಬ್ತದ’ ಅಂದ ಮಾಲೀಕ. ಬರದಿದ್ದರೆ? ಅದನ್ನೇ ಕೇಳಿದೆ. ಹಿಂದಿನ ವರ್ಷ, 2024ರ ಆಗಸ್ಟ್ 10ರ ರಾತ್ರಿ, ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಹೋಗಿದ್ದು ಈ ಕಡೆ ಯಾರೂ ಮರೆತಿಲ್ಲ. ಒಂದು ಚೈನು ಹರಿದರೆ ಟ್ರ್ಯಾಕ್ಟರ್ ತೊಳೆಯೋನ ಹೊಟ್ಟೆಗೂ ಹೊಡೆತ.

ಇಲ್ಲಿ ಸ್ಕ್ಯಾನರೇ ಇರಲಿಲ್ಲ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿತ್ತಲ್ಲ, ಆಗಲೇ ಕಿತ್ತು ಹಾಕಿದ್ದ. ಗೋಡೆ ಮೇಲೆ ಅಂಟಿನ ಗುರುತು ಮಾತ್ರ ಇತ್ತು. ಎಲ್ಲ ನಗದು, ಲೆಕ್ಕ ಬಾಯಲ್ಲಿ. ಮತ್ತೆ ಕರೆಂಟ್ ಬಿಲ್ಲೇ ಗತಿ. ಆಗಸ್ಟ್ 610 ಯೂನಿಟ್, ನವೆಂಬರ್ 480, ಏಪ್ರಿಲ್ 230. ನವೆಂಬರಿನಲ್ಲಿ ಭತ್ತ ಕೊಯ್ಯೋ ಮಷಿನ್ನು ಬರುತ್ತವೆ. ಏಪ್ರಿಲ್‌ನಲ್ಲಿ ಕಾಲುವೆ ಬಂದ್, ಹುಡುಗರು ನೆರಳಲ್ಲಿ ಮಲಗುತ್ತಾರೆ. ನಾನು ಆಗಸ್ಟ್ ವಾರವನ್ನೇ ನಂಬಿದ್ದರೆ ತಿಂಗಳಿಗೆ 70 ಸಾವಿರ ಅಂತ ಬರೆದುಕೊಳ್ಳುತ್ತಿದ್ದೆ. ವರ್ಷದ ಬಿಲ್ ಹಿಡಿದು ಹಾಕಿದರೆ ಸರಾಸರಿ 34 ಸಾವಿರ.

ಬಳ್ಳಾರಿಗಿಂತ ಕಮ್ಮಿ, ಕೊಪ್ಪಳದ ಅರ್ಧ. ಆದರೆ ನಗದು. ಗಿರಾಕಿಗಳು ಸುತ್ತಲಿನ ನೂರಾರು ರೈತರು, ಯಾರೊಬ್ಬ ಮುನಿಸಿಕೊಂಡರೂ ಧಂದೆ ನಿಲ್ಲಲ್ಲ. ಜಾಗ ಮಾರುವವನದ್ದೇ, ಬಾಡಿಗೆ 9 ಸಾವಿರ, ಐದು ವರ್ಷಕ್ಕೆ ನೋಂದಣಿ ಮಾಡಿಕೊಡೋಕೆ ಒಪ್ಪಿದ. ಬೋರು ಉಪಕಾಲುವೆ ಪಕ್ಕದಲ್ಲಿದೆ, ಟಿಡಿಎಸ್ 900. ಬೇಸಿಗೆಯಲ್ಲಿ ಇಳಿಯುತ್ತದೆ, ಆದರೆ ಬೇಸಿಗೆಯಲ್ಲಿ ಗಾಡಿಯೂ ಇಳಿಯುತ್ತವೆ.

ನನಗೆ ಬೇಸರದ ವಿಷಯ ದೂರ. ಬಳ್ಳಾರಿಯಿಂದ ಸಿರುಗುಪ್ಪ ದಾಟಿ ಹೋಗಬೇಕು, ಬಸ್ಸಿನಲ್ಲಿ ಎರಡು ತಾಸಿನ ಮೇಲೆ. ಮನೆಯವಳು ಇವತ್ತಿಗೂ ಕೊಪ್ಪಳದ್ದೇ ಚೆನ್ನಾಗಿತ್ತು ಅನ್ನುತ್ತಾಳೆ.

ಲೈಸೆನ್ಸಿನ ವಿಷಯ ಮೂರೂ ಕಡೆ ಒಂದೇ. ಪಾಲಿಕೆ, ನಗರಸಭೆಯ ಟ್ರೇಡ್ ಲೈಸೆನ್ಸ್ ಹಳೆಯವರ ಹೆಸರಲ್ಲಿರುತ್ತದೆ, ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಮಾಲಿನ್ಯ ನಿಯಂತ್ರಣ ಮಂಡಳಿಯ ಪತ್ರ ಇದೆಯಾ ಕೇಳಿ. ಕರೆಂಟಿನ ಹಳೇ ಬಾಕಿ ತೀರಿಸಿಯೇ ಕೀಲಿ ತಗೊಳ್ಳಿ.

ಕೊನೆಗೆ ಸಿಂಧನೂರಿನದ್ದನ್ನೇ ತಗೊಂಡೆ. ಕರಾರಿನಲ್ಲಿ ನಾನು ಹಟ ಹಿಡಿದು ಬರೆಸಿದ್ದು ಮೂರು. ಒಂದು, ಮಾರಿದವನು ಮೂರು ವರ್ಷ ಅದೇ ಊರಿನಲ್ಲಿ ಮತ್ತೊಂದು ವಾಟರ್ ಸರ್ವಿಸ್ ಹಾಕಬಾರದು. ಧಂದೆ ಮಾಡಬೇಡ ಅಂತ ಯಾರನ್ನೂ ಕಟ್ಟಿಹಾಕೋಕೆ 1872ರ ಕರಾರು ಕಾಯ್ದೆಯ 27ನೇ ಕಲಂ ಬಿಡಲ್ಲ. ಆದರೆ ನಡೀತಿರೋ ವ್ಯಾಪಾರವನ್ನು ಹೆಸರು, ಗಿರಾಕಿ ಸಮೇತ ಮಾರಿದಾಗ ಅದೇ ಕಲಂ ವಿನಾಯಿತಿ ಕೊಡುತ್ತದೆ, ಜಾಗದ ಮಿತಿ ನ್ಯಾಯವಾಗಿದ್ದರೆ ಸಾಕು ಅಂತ ವಕೀಲರು ಹೇಳಿದರು. ಎರಡು, ಅಂಗಡಿಯ ಫೋನ್ ನಂಬರ್ ನನಗೆ ಬರಬೇಕು. ರೈತರು ಫೋನ್ ಮಾಡಿಯೇ ಬರೋದು. ಮೂರು, ಹುಡುಗರ ಮುಂಗಡ. ಇದು ನನಗೆ ಕೊನೇ ದಿನ ಗೊತ್ತಾಗಿದ್ದು. ಮೂವರಿಗೂ ತಲಾ 20 ಸಾವಿರ ಮುಂಗಡ ಕೊಟ್ಟಿದ್ದ, ‘ಅದನ್ನ ನೀವು ನನಗೆ ಕೊಡಬೇಕ್ರಿ’ ಅಂದ. 60 ಸಾವಿರ! ಚೌಕಾಸಿ ಮಾಡಿ ಅದನ್ನೂ ಒಳಗೆ ಸೇರಿಸಿ 4.6 ಲಕ್ಷಕ್ಕೆ ಮುಗಿಸಿದೆ. ಒಂದು ಲಕ್ಷ ಮೂರು ತಿಂಗಳು ತಡೆದು ಕೊಟ್ಟೆ.

ಆಯುಧಪೂಜೆ ವಾರದ ದುಡ್ಡು ತಾನೇ ತಗೋತೀನಿ ಅಂದ, ತಗೋ ಅಂದೆ. ನನ್ನ ಕೈಗೆ ಬಂದದ್ದು ನವೆಂಬರ್ ಒಂದನೇ ತಾರೀಕು, ದೀಪಾವಳಿ ಆದ ಮೇಲೆ. ತಿಂಗಳು ಮುಗಿದು ಬಿಲ್ ಬಂದಾಗ ಚೀಟಿ ಹಿಡಿದು ಮೊದಲು ನೋಡಿದ್ದು ಯೂನಿಟ್ಟನ್ನೇ. ಹಿಂದಿನ ನವೆಂಬರಿನದು 480. ನನ್ನದು 497. ಹುಡುಗರಿಗೆ ಭಾರೀ ಖುಷಿಯಿಂದ ತೋರಿಸಿದೆ. ‘ಅಣ್ಣಾರ, ನೀವು ಎರಡು ಹೊಸಾ ಫ್ಯಾನ್ ಹಾಕ್ಸೀರಿ, ಚಹಾ ಕಾಸೋ ಕೆಟಲ್ ಬ್ಯಾರೆ’ ಅಂದ ಒಬ್ಬ.